ಬ್ಲಾಕ್ ಎಷ್ಟು ಪರ್ಸೆಂಟ್ ಅಂತ ಕೇಳುವ ಮೊದಲು

ಆಂಜಿಯೋಗ್ರಾಂ ಮುಗಿದು ಕ್ಯಾಥ್ ಲ್ಯಾಬಿನ ಬಾಗಿಲು ತೆಗೆದರೆ ಸಾಕು, ಹೊರಗೆ ಕಾಯುತ್ತಾ ನಿಂತವರು ಕೇಳುವ ಮೊದಲ ಪ್ರಶ್ನೆ ಒಂದೇ. "ಎಷ್ಟು ಪರ್ಸೆಂಟ್ ಬ್ಲಾಕ್ ಇದೆ ಸಾರ್?" 80, 90 ಅಂದರೆ ಮುಖ ಬಾಡುತ್ತದೆ. 30 ಅಂದರೆ "ಸದ್ಯ, ದೇವರು ದೊಡ್ಡವನು" ಅಂತ ಕೈ ಮುಗಿಯುತ್ತಾರೆ. ಊರಿಗೆ ಫೋನ್ ಹೋಗುತ್ತದೆ, ಸ್ಟೆಂಟ್ ಬೇಡವಂತೆ, ಏನೂ ಇಲ್ಲವಂತೆ, ನಾಳೆ ಮನೆಗೆ ಕಳಿಸ್ತಾರಂತೆ. ನಾನು ಡಾಕ್ಟರಲ್ಲ, ಕ್ಯಾಥ್ ಲ್ಯಾಬಿನಲ್ಲಿ ಟೆಕ್ನೀಷಿಯನ್. ರಿಪೋರ್ಟ್ ಹೇಳುವುದು ನನ್ನ ಕೆಲಸವಲ್ಲ. ಆದರೆ ಆ ಪರದೆಯ ಮುಂದೆಯೇ ದಿನ ಕಳೆಯುವವನಾಗಿ ಒಂದು ಮಾತು ಹೇಳಬೇಕು ಅನ್ನಿಸುತ್ತದೆ. 90 ಪರ್ಸೆಂಟಿನವರನ್ನು ಎಲ್ಲರೂ ನೋಡಿಕೊಳ್ಳುತ್ತಾರೆ. ಆ 30 ಪರ್ಸೆಂಟಿನವರ ಬಗ್ಗೆ ನನಗೆ ಚಿಂತೆ ಜಾಸ್ತಿ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಹೃದಯದ ರಕ್ತನಾಳ ಅಂದ ಕೂಡಲೇ ನಮ್ಮ ತಲೆಗೆ ಬರುವುದು ನಲ್ಲಿ ಪೈಪು. ಒಳಗೆ ಪಾಚಿಯೋ ಸುಣ್ಣವೋ ಕಟ್ಟುತ್ತಾ ಬರುತ್ತದೆ, ನೀರು ಸಣ್ಣಗಾಗುತ್ತದೆ, ಒಂದು ದಿನ ನಿಂತೇ ಹೋಗುತ್ತದೆ. ಆಸ್ಪತ್ರೆಗಳ ಗೋಡೆಗೆ ಅಂಟಿಸಿದ ಚಿತ್ರಗಳೂ ಹೀಗೇ ಇರುತ್ತವೆ. ಈ ಚಿತ್ರದಲ್ಲಿ ಎರಡು ತಪ್ಪುಗಳಿವೆ. ಕೊಬ್ಬು ಕೂರುವುದು ಒಳಮೈಯ ಮೇಲಲ್ಲ, ಗೋಡೆಯ ಒಳಗೆ. ಇನ್ನೊಂದು, ಪೈಪಿಗೆ ಜೀವ ಇಲ್ಲ, ರಕ್ತನಾಳಕ್ಕೆ ಇದೆ. ಗೋಡೆಯಲ್ಲಿ ಏನಾದರೂ ಸೇರಿಕೊಂಡರೆ ಅದು ಸುಮ್ನೆ ಇರುವುದಿಲ್ಲ, ತನ್ನ ಆಕಾರವನ್ನೇ ಬದಲಿಸಿಕೊಳ್ಳುತ್ತದೆ. ಹೃದಯದ ಕಾಯಿಲೆಯ ಮೊದಲ ವರ್ಷಗಳ ಕಥೆಯೆಲ್ಲ ಈ ಆಕಾರ ಬದಲಾವಣೆಯದೇ.

ರಕ್ತನಾಳದ ಗೋಡೆಗೆ ಮೂರು ಪದರ. ರಕ್ತಕ್ಕೆ ತಾಗುವ ಒಳಪದರ, ನಡುವೆ ಸ್ನಾಯುವಿನ ಪದರ, ಹೊರಗೆ ಹೊದಿಕೆ. ಒಳಪದರದ ಮೇಲೆ ಒಂದೇ ಒಂದು ಸಾಲು ಜೀವಕೋಶಗಳಿವೆ, ಎಂಡೋಥೀಲಿಯಂ ಅನ್ನುತ್ತಾರೆ. ಎಲ್‌ಡಿಎಲ್ ಕೊಲೆಸ್ಟ್ರಾಲ್ ಈ ಸಾಲು ದಾಟಿ ಒಳಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ತಿಂದು ಹಾಕಲು ಬಿಳಿ ರಕ್ತಕಣಗಳು ಬರುತ್ತವೆ, ತಿಂದು ತಿಂದು ಊದಿಕೊಂಡು ಅಲ್ಲೇ ಸಾಯುತ್ತವೆ. ವರ್ಷಗಟ್ಟಲೆ ಹೀಗೆ ನಡೆದಾಗ ಆಗುವ ದಪ್ಪವೇ ಪ್ಲಾಕ್.

ಇದು ವಯಸ್ಸಾದವರ ಕಾಯಿಲೆ ಅಂತ ತಿಳಿದಿದ್ದ ಕಾಲ ಒಂದಿತ್ತು. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಸೇನೆಯ ವೈದ್ಯರು ಕೊಯ್ದು ನೋಡಿ 1953ರಲ್ಲಿ ಬರೆದರು. ಸರಾಸರಿ ವಯಸ್ಸು 22. ಅವರಲ್ಲಿ 77 ಪರ್ಸೆಂಟ್ ಹುಡುಗರ ಹೃದಯದ ರಕ್ತನಾಳದಲ್ಲಿ ಕಾಯಿಲೆಯ ಗುರುತು ಕಂಡಿತ್ತು, ಕೆಲವರಲ್ಲಿ ತೀರಾ ಸಣ್ಣದು, ಕೆಲವರಲ್ಲಿ ದೊಡ್ಡದು. ಬಂದೂಕು ಹೊತ್ತು ಬೆಟ್ಟ ಹತ್ತುತ್ತಿದ್ದ ಹುಡುಗರು ಅವರು. ಯಾರಿಗೂ ಎದೆನೋವಿನ ದೂರು ಇರಲಿಲ್ಲ.

ಹಾಗಾದರೆ ಇಪ್ಪತ್ತಕ್ಕೇ ಶುರುವಾದ ಕಾಯಿಲೆ ಐವತ್ತರವರೆಗೆ ಗೊತ್ತಾಗುವುದೇ ಇಲ್ಲವಲ್ಲ, ಅಷ್ಟು ವರ್ಷ ಪ್ಲಾಕ್ ಎಲ್ಲಿ ಅಡಗಿರುತ್ತದೆ? ಇದಕ್ಕೆ ಸರಿಯಾದ ಉತ್ತರ ಕೊಟ್ಟವರು ಶಿಕಾಗೋ ವಿಶ್ವವಿದ್ಯಾಲಯದ ಪೆಥಾಲಜಿಸ್ಟ್ ಸೀಮೋರ್ ಗ್ಲಾಗೋವ್. ಅವರೂ ಅವರ ಜೊತೆಗಾರರೂ 136 ಹೃದಯಗಳಿಂದ ಎಡಗಡೆಯ ಮುಖ್ಯ ಕೊರೊನರಿ ನಾಳವನ್ನು (ಹೃದಯಕ್ಕೇ ರಕ್ತ ಕೊಡುವ ನಾಳಕ್ಕೆ ಕೊರೊನರಿ ಅನ್ನುತ್ತಾರೆ) ಅಡ್ಡಕ್ಕೆ ಕತ್ತರಿಸಿ, ಮೈಕ್ರೋಸ್ಕೋಪಿನಡಿ ಅಳೆದು, 1987ರಲ್ಲಿ ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಪ್ಲಾಕ್ ಬೆಳೆದ ಹಾಗೆಲ್ಲ ರಕ್ತನಾಳ ಹೊರಕ್ಕೆ ಅಗಲವಾಗುತ್ತಾ ಹೋಗುತ್ತದೆ. ಒಳಗೆ ರಕ್ತ ಹರಿಯುವ ದಾರಿ ಇದ್ದಷ್ಟೇ ಇರುತ್ತದೆ. ನಾಳದ ಒಟ್ಟು ಜಾಗದ ಸುಮಾರು 40 ಪರ್ಸೆಂಟನ್ನು ಪ್ಲಾಕ್ ತುಂಬುವ ತನಕ ಒಳದಾರಿ ಕಿರಿದಾಗುವುದೇ ಇಲ್ಲ. ಆಮೇಲೆ ನಾಳಕ್ಕೆ ಇನ್ನು ಹಿಗ್ಗಲು ಆಗುವುದಿಲ್ಲ, ಪ್ಲಾಕ್ ಒಳಕ್ಕೆ ಚಾಚುತ್ತದೆ, ಆಗ ನಾವು ಬ್ಲಾಕ್ ಅನ್ನುವುದು ಶುರುವಾಗುತ್ತದೆ.

ಲೆಕ್ಕ ಹಾಕಿ ನೋಡಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಹೃದಯದ ಮುಂಭಾಗಕ್ಕೆ ರಕ್ತ ಒಯ್ಯುವ ಎಲ್‌ಎಡಿ ಅನ್ನುವ ನಾಳದ ಒಳದಾರಿ ಮೊದಲ ಭಾಗದಲ್ಲಿ 3.5 ಮಿಲಿಮೀಟರ್ ಇದೆ ಅಂದುಕೊಳ್ಳಿ. ಅಂದರೆ ಸುಮಾರು 9.6 ಚದರ ಮಿಲಿಮೀಟರ್ ಜಾಗ. ಈ ಒಳದಾರಿ ಹಾಗೇ ಇದ್ದು, ಒಟ್ಟು ಜಾಗದ 40 ಪರ್ಸೆಂಟ್ ಪ್ಲಾಕ್ ಆಗಬೇಕಾದರೆ ನಾಳ 16 ಚದರ ಮಿಲಿಮೀಟರಿಗೆ ಹಿಗ್ಗಬೇಕು. ಅಡ್ಡಳತೆಯಲ್ಲಿ ಅದು ಸುಮಾರು 4.5 ಮಿಲಿಮೀಟರ್. ಒಂದೇ ಒಂದು ಮಿಲಿಮೀಟರ್ ಹೊರಕ್ಕೆ ಸರಿದರೆ ಅಷ್ಟೂ ಪ್ಲಾಕಿಗೆ ಜಾಗವಾಯಿತು. ಆಂಜಿಯೋಗ್ರಾಂನಲ್ಲಿ ಮಾತ್ರ ಅದೇ 3.5.

ಆಂಜಿಯೋಗ್ರಾಂ ತೋರಿಸುವುದು ಒಳದಾರಿಯ ನೆರಳನ್ನು ಮಾತ್ರ. 1958ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಡಾಕ್ಟರ್ ಮೇಸನ್ ಸೋನ್ಸ್ ಅವರ ಕ್ಯಾಥೆಟರ್, ಅಂದರೆ ಸಪೂರ ಕೊಳವೆ, ಅಕಸ್ಮಾತ್ತಾಗಿ ಬಲ ಕೊರೊನರಿಯ ಬಾಯಿಗೆ ಹೊಕ್ಕು, ಎಕ್ಸ್‌ರೇಯಲ್ಲಿ ಕಾಣುವ ಡೈ ಅಲ್ಲಿಗೇ ಸುರಿದಾಗ ಈ ಪರೀಕ್ಷೆ ಹುಟ್ಟಿತು. ಅದು ಉಳಿಸಿದ ಪ್ರಾಣಗಳಿಗೆ ಲೆಕ್ಕವಿಲ್ಲ. ಆದರೂ ಡೈ ಹೋಗುವುದು ರಕ್ತ ಹೋಗುವ ಕಡೆಗೆ ಮಾತ್ರ, ಗೋಡೆ ಅದಕ್ಕೆ ಕಾಣುವುದಿಲ್ಲ. ಪರ್ಸೆಂಟ್ ಲೆಕ್ಕವೂ ಪಕ್ಕದ "ಸರಿ ಇರುವ" ಜಾಗಕ್ಕೆ ಹೋಲಿಸಿ ಹೇಳುವುದು. ಪಕ್ಕದ ಜಾಗದ ಗೋಡೆಯಲ್ಲೂ ಕಾಯಿಲೆ ಇರಬಹುದು ಅಲ್ವಾ?

ಗೋಡೆ ನೋಡಬೇಕಾದರೆ ನಾಳದ ಒಳಗೇ ಹೋಗಬೇಕು. ಅದಕ್ಕೆ ಐವಸ್ ಅನ್ನುವ ಸಾಧನ ಇದೆ. ಹೆಚ್ಚು ಕಮ್ಮಿ ಒಂದು ಮಿಲಿಮೀಟರ್ ದಪ್ಪದ ಕ್ಯಾಥೆಟರಿನ ತುದಿಯಲ್ಲಿ ಅಲ್ಟ್ರಾಸೌಂಡ್. ತಂತಿಯ ಮೇಲೆ ಅದನ್ನು ದೂರಕ್ಕೆ ತಳ್ಳಿ, ಮೋಟರಿಗೆ ಸಿಕ್ಕಿಸಿ, ಸೆಕೆಂಡಿಗೆ ಅರ್ಧ ಮಿಲಿಮೀಟರಿನಂತೆ ಹಿಂದಕ್ಕೆ ಎಳೆಯುತ್ತೇವೆ. ಒಬ್ಬರದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗುರುತು ಸಿಗದ ಹಾಗೆ ಹೇಳುತ್ತೇನೆ. ನಲವತ್ತರ ಆಸುಪಾಸಿನ ಗಂಡಸು, ಸಿಗರೇಟ್ ಸೇದುತ್ತಿದ್ದರು, ಎರಡು ದಿನದಿಂದ ಎದೆ ಉರಿ. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿದ್ದರು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೊಪೊನಿನ್ ಸ್ವಲ್ಪ ಏರಿತ್ತು. ಆಂಜಿಯೋಗ್ರಾಂನಲ್ಲಿ ಎಲ್‌ಎಡಿ ನೋಡಿದರೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ, ಒಂದು ಕಡೆ ಅಂಚು ತುಸು ಮಸುಕು. ಡಾಕ್ಟರಿಗೆ ಸಮಾಧಾನವಾಗಲಿಲ್ಲ, ಐವಸ್ ಹಾಕೋಣ ಅಂದರು.

ಪರದೆಯ ನಡುವೆ ಕ್ಯಾಥೆಟರಿನ ಕಪ್ಪು ಚುಕ್ಕೆ. ಸುತ್ತ ಒಳದಾರಿ, ಅದರ ಸುತ್ತ ತೆಳ್ಳನೆಯ ಬಿಳಿ ಗೆರೆ, ಆಮೇಲೆ ಸ್ನಾಯುಪದರದ ಕಪ್ಪು ಉಂಗುರ. ಮೊದಲ ಒಂದು ಸೆಂಟಿಮೀಟರ್ ಅಂದವಾದ ದುಂಡು. ಕೊಂಬೆ ಒಡೆಯುವ ಜಾಗಕ್ಕೆ ಬರುತ್ತಿದ್ದ ಹಾಗೆ ಹೊರಗಿನ ಉಂಗುರ ಒಂದು ಬದಿಗೆ ಸರಿಯತೊಡಗಿತು. ಗಡಿಯಾರದಲ್ಲಿ ಏಳರಿಂದ ಹನ್ನೆರಡರವರೆಗಿನ ಜಾಗದಲ್ಲಿ ಗೋಡೆ ಉಬ್ಬಿಕೊಂಡಿತು, ಉಬ್ಬಿನೊಳಗೆ ಮಂಕಾದ ಬೂದು, ನಡುವೆ ಕತ್ತಲು, ಅಂದರೆ ಮೆತ್ತಗಿನ ಕೊಬ್ಬು. ಎದುರು ಬದಿಯ ಗೋಡೆಗೆ ಏನೂ ಆಗಿಲ್ಲ, ಮೊದಲಿನಷ್ಟೇ ತೆಳು. ದುಂಡಗಿದ್ದ ನಾಳ ಮೊಟ್ಟೆಯಾಕಾರಕ್ಕೆ ತಿರುಗಿತ್ತು, ಒಳದಾರಿ ಮಾತ್ರ ಹಾಗೇ ದುಂಡಗೆ, ಅಳತೆಯಲ್ಲಿ ಹೆಚ್ಚು ಕಮ್ಮಿ ಇಲ್ಲದೆ. ಇನ್ನು ಕೆಲವು ಸೆಕೆಂಡು ಎಳೆದರೆ ಉಬ್ಬು ಇಳಿದು ಮತ್ತೆ ದುಂಡು. ಲ್ಯಾಬಿನಲ್ಲಿ ಯಾರೂ ಮಾತಾಡಲಿಲ್ಲ. ಡಾಕ್ಟರ್ ಹಿಂದೆ ಹೋಗಿ ಅದೇ ತುಣುಕನ್ನು ಇನ್ನೊಮ್ಮೆ ಹಾಕಿಸಿದರು.

ಹೊರಗೆ ಅವರ ಹೆಂಡತಿ ಕೇಳಿದ್ದು: "ಬ್ಲಾಕ್ ಇಲ್ಲ ಅಂದ್ರಲ್ಲ ಸಾರ್, ಮತ್ಯಾಕೆ ನಮ್ಮ ಯಜಮಾನ್ರಿಗೆ ನೋವು ಬಂತು?" ಡಾಕ್ಟರ್ ಕೇಸ್ ಶೀಟಿನ ಹಿಂದೆ ಎರಡು ಚಿತ್ರ ಬರೆದು ತೋರಿಸಿದರು, ಒಂದು ದುಂಡು, ಇನ್ನೊಂದು ಮೊಟ್ಟೆ, ಎರಡರಲ್ಲೂ ಒಳಗಿನ ತೂತು ಒಂದೇ ಅಳತೆ. ಆಯಮ್ಮನಿಗೆ ಅಷ್ಟರಲ್ಲೇ ಅರ್ಥವಾಯಿತು. ಬ್ಲಾಕ್ ಇಲ್ಲದೆ ಇರುವುದು ಬೇರೆ, ಕಾಯಿಲೆ ಇಲ್ಲದೆ ಇರುವುದು ಬೇರೆ.

ನಾಳ ಹೊರಕ್ಕೆ ಹಿಗ್ಗುವುದು ಹೇಗೆ ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ. ಎಂಡೋಥೀಲಿಯಂ ಜೀವಕೋಶಗಳಿಗೆ ತಮ್ಮ ಮೈ ಮೇಲೆ ರಕ್ತ ಉಜ್ಜಿಕೊಂಡು ಹೋಗುವುದು ಗೊತ್ತಾಗುತ್ತದೆ. ದಾರಿ ಸ್ವಲ್ಪ ಕಿರಿದಾದರೂ ಅಷ್ಟೇ ರಕ್ತ ಹೋಗಬೇಕಾದರೆ ಉಜ್ಜುವಿಕೆ ಜೋರಾಗುತ್ತದೆ. ಅಡ್ಡಳತೆ ಹತ್ತು ಪರ್ಸೆಂಟ್ ಕಮ್ಮಿಯಾದರೆ ಉಜ್ಜುವಿಕೆ ಸುಮಾರು 37 ಪರ್ಸೆಂಟ್ ಜಾಸ್ತಿ. ಆಗ ಈ ಕೋಶಗಳು ನೈಟ್ರಿಕ್ ಆಕ್ಸೈಡ್ ಬಿಡುತ್ತವೆ, ಸ್ನಾಯು ಸಡಿಲವಾಗುತ್ತದೆ. ದಿನಗಟ್ಟಲೆ ವಾರಗಟ್ಟಲೆ ಹೀಗೇ ಇದ್ದರೆ ಗೋಡೆಯ ನಾರುಗಳನ್ನೇ ಕತ್ತರಿಸಿ ಹೊಸದಾಗಿ ಜೋಡಿಸುವ ಕೆಲಸ ಶುರುವಾಗುತ್ತದೆ. ಉಜ್ಜುವಿಕೆ ಮೊದಲಿನ ಮಟ್ಟಕ್ಕೆ ಬರುವ ತನಕ ನಾಳ ಅಗಲವಾಗುತ್ತದೆ, ಬಂದ ಮೇಲೆ ನಿಲ್ಲುತ್ತದೆ. ಯಾರೂ ಹೇಳಿಕೊಡದೆ, ಮೆದುಳಿಗೂ ಗೊತ್ತಾಗದೆ, ಒಂದು ಸಾಲು ಜೀವಕೋಶಗಳು ಮಾಡುವ ಕೆಲಸ ಇದು. ನೈಟ್ರಿಕ್ ಆಕ್ಸೈಡಿನ ಈ ಪಾತ್ರ ಕಂಡುಹಿಡಿದ ಫರ್ಚ್‌ಗಾಟ್, ಇಗ್ನಾರೋ, ಮುರಾದ್ ಮೂವರಿಗೆ 1998ರಲ್ಲಿ ನೊಬೆಲ್ ಬಂತು.

ಕೊಂಬೆ ಒಡೆಯುವ ಕಡೆ, ತಿರುವಿನ ಒಳಬದಿ, ಇಂಥ ಜಾಗಗಳಲ್ಲಿ ರಕ್ತ ನಿಧಾನವಾಗಿ, ಹಿಂದೆ ಮುಂದೆ ತಿರುಗುತ್ತಾ ಹೋಗುತ್ತದೆ. ಉಜ್ಜುವಿಕೆ ಕಮ್ಮಿ ಇರುವ ಆ ಜಾಗಗಳಲ್ಲೇ ಪ್ಲಾಕ್ ಮೊದಲು ಕೂರುವುದು. ಅದಕ್ಕೇ ಅದು ಸುತ್ತಲೂ ಸಮನಾಗಿ ಬೆಳೆಯದೆ ಒಂದು ಬದಿಗೆ ದಪ್ಪವಾಗುವುದು.

ಇಷ್ಟು ಕೇಳಿದರೆ ದೇಹ ಎಷ್ಟು ಚೆನ್ನಾಗಿ ನಮ್ಮನ್ನು ಕಾಯುತ್ತದೆ ಅನ್ನಿಸುತ್ತದೆ. ಕಾಯುತ್ತದೆ ನಿಜ, ಆದರೆ ಅದಕ್ಕೆ ಬೆಲೆಯೂ ಇದೆ. ಗೋಡೆ ಹಿಗ್ಗಬೇಕಾದರೆ ನಾರು ಕರಗಬೇಕು. ಪ್ಲಾಕಿನೊಳಗೆ ಕೊಬ್ಬು ತಿಂದು ಕೂತ ಬಿಳಿಕಣಗಳೂ ನಾರು ಕರಗಿಸುವ ಕಿಣ್ವಗಳನ್ನೇ ಸುರಿಯುತ್ತಿರುತ್ತವೆ. ಆ ಕಿಣ್ವಗಳಿಗೆ ಹೊರಗೋಡೆ, ಒಳಪೊರೆ ಅನ್ನುವ ಭೇದವಿಲ್ಲ. ಹೊರಗೋಡೆ ಸಡಿಲವಾಗಿ ನಾಳ ಹಿಗ್ಗಿದಾಗಲೇ, ಕೊಬ್ಬನ್ನು ರಕ್ತದಿಂದ ಬೇರೆ ಮಾಡಿದ ತೆಳುಪೊರೆಯೂ ಇನ್ನಷ್ಟು ತೆಳುವಾಗುತ್ತದೆ. ಒಡೆದ ಪ್ಲಾಕುಗಳನ್ನು ಅಳೆದವರು ಆ ಪೊರೆ 65 ಮೈಕ್ರಾನಿಗಿಂತ ತೆಳುವಾಗಿರುತ್ತದೆ ಅನ್ನುತ್ತಾರೆ. ಒಂದು ಮಿಲಿಮೀಟರಿನ ಹದಿನೈದನೇ ಒಂದು ಭಾಗ. ಅದು ಹರಿದರೆ ಒಳಗಿನ ಕೊಬ್ಬು ರಕ್ತಕ್ಕೆ ತಾಗುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ, ನಿನ್ನೆ ತನಕ 30 ಪರ್ಸೆಂಟ್ ಇದ್ದದ್ದು ನಿಮಿಷಗಳಲ್ಲಿ ನೂರಾಗಬಹುದು.

2000ದಲ್ಲಿ ಕ್ಲೀವ್‌ಲ್ಯಾಂಡಿನ ತಂಡವೊಂದು ಐವಸ್ ಹಾಕಿ ಇದನ್ನೇ ನೋಡಿತು. ಹಾರ್ಟ್ ಅಟ್ಯಾಕ್ ಅಥವಾ ಅದರ ಅಂಚಿಗೆ ಬಂದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನರ ಪ್ಲಾಕ್ ಇದ್ದ ಜಾಗ ಹೊರಕ್ಕೆ ಹಿಗ್ಗಿತ್ತು. ನಡೆದರೆ ನೋವು, ನಿಂತರೆ ಸರಿ ಅನ್ನುವ ಸ್ಥಿರ ಕಾಯಿಲೆಯವರಲ್ಲಿ ಹಿಗ್ಗಿದ್ದದ್ದು ಐದರಲ್ಲಿ ಒಬ್ಬರಿಗೆ ಮಾತ್ರ. ಅವರಲ್ಲಿ ಹೆಚ್ಚಿನವರ ನಾಳ ಉಲ್ಟಾ ಒಳಕ್ಕೆ ಕುಗ್ಗಿತ್ತು. ಹೌದು, ಕೆಲವು ಕಡೆ ನಾಳ ಹಿಗ್ಗುವ ಬದಲು ಕುಗ್ಗುವುದೂ ಇದೆ. ಹಿಂದೆ ಬರೀ ಬಲೂನ್ ಹಾಕಿ ಬಿಡುತ್ತಿದ್ದ ಕಾಲದಲ್ಲಿ ಕೆಲವೇ ತಿಂಗಳಲ್ಲಿ ಮತ್ತೆ ಕಿರಿದಾಗುತ್ತಿದ್ದದ್ದಕ್ಕೆ ಈ ಕುಗ್ಗುವಿಕೆ ದೊಡ್ಡ ಕಾರಣ, ಸ್ಟೆಂಟ್ ಅದನ್ನು ತಡೆದು ನಿಲ್ಲಿಸಿತು. ಅದು ಬೇರೆಯದೇ ಕಥೆ, ಇಲ್ಲಿಗೆ ಬೇಡ.

ಹಾಗಂತ 90 ಪರ್ಸೆಂಟ್ ಬ್ಲಾಕಿನಿಂದ ಅಪಾಯ ಇಲ್ಲ ಅಂತ ದಯವಿಟ್ಟು ಯಾರೂ ತಿಳಿಯಬಾರದು. ಒಂದಕ್ಕೊಂದು ಹೋಲಿಸಿದರೆ ದೊಡ್ಡ ಬ್ಲಾಕೇ ಅಪಾಯ. ಸಣ್ಣವು ಸಂಖ್ಯೆಯಲ್ಲಿ ಜಾಸ್ತಿ, ನಾಳದುದ್ದಕ್ಕೂ ಹರಡಿರುತ್ತವೆ, ಯಾರೂ ಅವನ್ನು ಲೆಕ್ಕಕ್ಕೆ ಇಡುವುದಿಲ್ಲ. ನನ್ನ ಸಂಕಟ ಅಷ್ಟೇ.

2025ರ ಜೂನ್ ಜುಲೈಯಲ್ಲಿ ಹಾಸನ ಜಿಲ್ಲೆಯ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಬಂದಾಗ ನಮ್ಮ ಜನ ಹೇಗೆ ಹೆದರಿದರು ಅನ್ನುವುದು ಎಲ್ಲರಿಗೂ ನೆನಪಿರಬೇಕು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ಕ್ಕೇ ತೀರಿಕೊಂಡಾಗಲೂ ಹೀಗೇ ಆಗಿತ್ತು, ಜಿಮ್‌ಗೆ ಹೋಗುವ ಹುಡುಗರೆಲ್ಲ ಬಂದು ಇಸಿಜಿ ಮಾಡಿಸಿಕೊಂಡರು. ಆ ಹೆದರಿಕೆಯನ್ನು ನಾನು ಹಗುರವಾಗಿ ನೋಡುವುದಿಲ್ಲ, ನಮ್ಮವರು ಮಧ್ಯವಯಸ್ಸಿನಲ್ಲಿ ಕುಸಿದು ಬೀಳುವುದು ನಿಜ. ಬೆಂಗಳೂರಿನ ಸೇಂಟ್ ಜಾನ್ಸ್‌ನ ವೈದ್ಯರೂ ಸೇರಿ 52 ದೇಶಗಳಲ್ಲಿ ಮಾಡಿದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ, ದಕ್ಷಿಣ ಏಷ್ಯಾದವರಿಗೆ ಮೊದಲ ಹಾರ್ಟ್ ಅಟ್ಯಾಕ್ ಆಗುವ ಸರಾಸರಿ ವಯಸ್ಸು 53 ಅಂತ ಬಂತು, ಬೇರೆಯವರಿಗಿಂತ ಐದಾರು ವರ್ಷ ಮೊದಲು. ಆದರೆ ಆರಾಮವಾಗಿ ಮಲಗಿದ್ದಾಗ ತೆಗೆದ ಇಸಿಜಿಗೆ ಹಿಗ್ಗಿದ ಗೋಡೆ ಕಾಣುವುದಿಲ್ಲ. ಎಕೋಗೂ ಕಾಣುವುದಿಲ್ಲ. ಟಿಎಂಟಿ ಹಿಡಿಯುವುದು ಓಡುವಾಗ ರಕ್ತ ಸಾಲದೆ ಹೋದರೆ ಮಾತ್ರ, ಅಂದರೆ ಅಡ್ಡಳತೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಕಿರಿದಾದ ಮೇಲೆ. ಒಳದಾರಿ ಹಾಗೇ ಇರುವವರು ಟ್ರೆಡ್‌ಮಿಲ್ ಮೇಲೆ ಹತ್ತು ನಿಮಿಷ ಓಡಿ ನಗುತ್ತಾ ಇಳಿದು ಬರುತ್ತಾರೆ. ರಿಪೋರ್ಟಿನಲ್ಲಿ ನೆಗೆಟಿವ್ ಅಂತ ಬರುತ್ತದೆ. ಅದು ಸುಳ್ಳಲ್ಲ. ಇವತ್ತು ರಕ್ತ ಸಾಕಷ್ಟು ಹೋಗುತ್ತಿದೆ ಅಂತಷ್ಟೇ ಅದರ ಅರ್ಥ.

ಗೋಡೆಯನ್ನು ಹೊರಗಿನಿಂದಲೇ ನೋಡಲು ಈಗ ಸಿಟಿ ಆಂಜಿಯೋಗ್ರಾಂ ಇದೆ. ಕಾಯಿಲೆ ಇರುವ ಜಾಗದಲ್ಲಿ ನಾಳ ಪಕ್ಕದ ಜಾಗಕ್ಕಿಂತ ಹತ್ತು ಪರ್ಸೆಂಟಿಗಿಂತ ಜಾಸ್ತಿ ದಪ್ಪ ಕಂಡರೆ ಹಿಗ್ಗಿದೆ ಅಂತ ಬರೆಯುತ್ತಾರೆ, ಮೆತ್ತಗಿನ ಕೊಬ್ಬಿದ್ದರೆ ಅದೂ ಗೊತ್ತಾಗುತ್ತದೆ. ಸ್ಕಾಟ್ಲೆಂಡಿನಲ್ಲಿ ಎದೆನೋವಿನ 4,146 ಜನರಲ್ಲಿ ಅರ್ಧ ಜನಕ್ಕೆ ಮಾಮೂಲಿ ಪರೀಕ್ಷೆಗಳ ಜೊತೆ ಇದನ್ನೂ ಮಾಡಿದರು. ಐದು ವರ್ಷದ ಲೆಕ್ಕ 2018ರಲ್ಲಿ ಬಂತು. ಹೃದಯ ಕಾಯಿಲೆಯಿಂದ ಸಾವು ಅಥವಾ ಹಾರ್ಟ್ ಅಟ್ಯಾಕ್ ಆದವರು ಸಿಟಿ ಇಲ್ಲದ ಗುಂಪಿನಲ್ಲಿ 3.9 ಪರ್ಸೆಂಟ್, ಸಿಟಿ ಮಾಡಿದ ಗುಂಪಿನಲ್ಲಿ 2.3. ಸ್ಟೆಂಟ್, ಬೈಪಾಸ್ ಎರಡೂ ಗುಂಪಿನಲ್ಲಿ ಹೆಚ್ಚು ಕಮ್ಮಿ ಸಮ. ಸಿಟಿ ಗುಂಪಿನಲ್ಲಿ ಜಾಸ್ತಿ ಶುರುವಾದದ್ದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್, ರಕ್ತ ಹೆಪ್ಪುಗಟ್ಟದ ಹಾಗೆ ನೋಡುವ ಆಸ್ಪಿರಿನ್‌ನಂಥ ಮಾತ್ರೆಗಳು. ಗೋಡೆ ಕಂಡದ್ದರಿಂದ ಮಾತ್ರೆ ಶುರುವಾಯಿತು, ಜನ ಉಳಿದರು ಅಂತ ನಾನು ಓದಿಕೊಳ್ಳುತ್ತೇನೆ. ಎಲ್ಲರೂ ಹೋಗಿ ಸಿಟಿ ಮಾಡಿಸಿ ಅಂತ ಇದರ ಅರ್ಥವಲ್ಲ, ಅದಕ್ಕೆ ರೇಡಿಯೇಶನ್ ಇದೆ, ಡೈ ಇದೆ, ಖರ್ಚಿದೆ. ಯಾರಿಗೆ ಬೇಕು ಅಂತ ಡಾಕ್ಟರ್ ಹೇಳಬೇಕು.

ಇನ್ನು ಆ 30 ಪರ್ಸೆಂಟಿನವರು. ಆಸ್ಪತ್ರೆಯಿಂದ ಹೋಗುವಾಗ ಸ್ಟ್ಯಾಟಿನ್ ಬರೆದು ಕೊಟ್ಟಿರುತ್ತಾರೆ. ಕೆಲವು ತಿಂಗಳು ತಗೊಂಡು, ಸ್ಟೆಂಟೇ ಬೇಡ ಅಂದ ಮೇಲೆ ಮಾತ್ರೆ ಯಾಕೆ ಅಂತ ಬಿಡುತ್ತಾರೆ. ಲಿವರ್ ಹಾಳಾಗುತ್ತೆ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದದ್ದು ಓದಿ ಬಿಡುವವರೂ ಇದ್ದಾರೆ. ಎಷ್ಟೋ ಮನೆಗಳಲ್ಲಿ ಇದೇ ನಡೆಯುತ್ತದೆ, ನನಗೆ ನಿಜವಾಗಿ ನೋವಾಗುವುದು ಇಲ್ಲಿ. ಯಾಕೆಂದರೆ ಈ ಹಂತದಲ್ಲಿ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಲ್‌ಡಿಎಲ್ 70ಕ್ಕಿಂತ ಕೆಳಗೆ, ಕೆಲವರಿಗೆ 55ಕ್ಕಿಂತಲೂ ಕೆಳಗೆ ಇಳಿಸಿ ಹಿಡಿದರೆ ಒಳಗಿನ ಕೊಬ್ಬು ಕಮ್ಮಿಯಾಗುತ್ತದೆ, ಉರಿಯೂತ ಇಳಿಯುತ್ತದೆ, ತೆಳುಪೊರೆ ದಪ್ಪವಾಗುತ್ತದೆ. ಐವಸ್‌ನಲ್ಲಿ ಪ್ಲಾಕ್ ಕುಗ್ಗುವುದು ಒಂದು ಪರ್ಸೆಂಟಿನಷ್ಟು ಮಾತ್ರ. ನೋಡಿದರೆ ಏನೂ ಆಗಿಲ್ಲ ಅನ್ನಿಸಬಹುದು. ಗಾತ್ರಕ್ಕಿಂತ ಒಳಗಿನ ಸ್ವಭಾವ ಬದಲಾಗುವುದೇ ಇಲ್ಲಿ ದೊಡ್ಡದು. ಸಿಗರೇಟ್ ಬಿಡುವುದು, ಬಿಪಿ ಶುಗರ್ ಹತೋಟಿಯಲ್ಲಿ ಇಡುವುದು, ನಡೆಯುವುದು, ಇವೂ ಇದೇ ಗೋಡೆಗೇ ಮಾಡುವ ಉಪಕಾರ. ಒಂದು ವಿಷಯಕ್ಕೆ ಜನ ಸುಮ್ನೆ ಗಾಬರಿಯಾಗುತ್ತಾರೆ: ಸ್ಟ್ಯಾಟಿನ್ ತಗೊಂಡವರಲ್ಲಿ ವರ್ಷಗಳ ಮೇಲೆ ಕ್ಯಾಲ್ಸಿಯಂ ಸ್ಕೋರ್, ಅಂದರೆ ಸಿಟಿಯಲ್ಲಿ ಅಳೆಯುವ ನಾಳದ ಗೋಡೆಯ ಸುಣ್ಣದ ಲೆಕ್ಕ, ಏರಬಹುದು. ಮೆತ್ತಗಿದ್ದ ಪ್ಲಾಕ್ ಗಟ್ಟಿಯಾಗುತ್ತಿರುವುದಕ್ಕೂ ಹಾಗಾಗುತ್ತದೆ, ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ಅಂದುಕೊಂಡು ಬಿಡಬಾರದು.

ಅಪ್ಪನಿಗೋ ಅಣ್ಣನಿಗೋ 55ರ ಒಳಗೆ, ಅಮ್ಮನಿಗೋ ಅಕ್ಕನಿಗೋ 65ರ ಒಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ, ಮನೆಯ ಉಳಿದವರು ಇಸಿಜಿ ಒಂದನ್ನೇ ನೆಚ್ಚಿಕೊಳ್ಳದೆ ಇಪ್ಪತ್ತು ಇಪ್ಪತ್ತೈದರಲ್ಲೇ ಲಿಪಿಡ್ ಪ್ರೊಫೈಲ್ ನೋಡಿಸಿಕೊಳ್ಳಬೇಕು. ಜೊತೆಗೆ ಲಿಪೊಪ್ರೋಟೀನ್ ಎ ಅಂತ ಇನ್ನೊಂದು ರಕ್ತಪರೀಕ್ಷೆ ಇದೆ. ಅದು ಹುಟ್ಟಿನಿಂದ ಬರುವುದು, ಊಟದಿಂದ ಹೆಚ್ಚು ಕಮ್ಮಿ ಆಗುವುದಿಲ್ಲ, ನಮ್ಮ ಜನರಲ್ಲಿ ಜಾಸ್ತಿ ಇರುವವರು ಬಹಳ. ಸಾಮಾನ್ಯವಾಗಿ ಜೀವಮಾನದಲ್ಲಿ ಒಂದು ಸಲ ನೋಡಿದರೆ ಸಾಕು. ಮಾಮೂಲಿ ಲಿಪಿಡ್ ಪ್ರೊಫೈಲಿನಲ್ಲಿ ಬರುವುದಿಲ್ಲ, ಡಾಕ್ಟರ ಹತ್ತಿರ ಕೇಳಿ ಬೇರೆಯಾಗಿ ಬರೆಸಿಕೊಳ್ಳಬೇಕು.